ಗೇಟು ದಾಟಿದ ನೀಲಿ ಕಾರು

ಎಂಜಿನ್ ಮೇಸ್ತ್ರಿಯ ಹೊಟ್ಟೆಕಿಚ್ಚಿಗೆ ಒಂದು ಕೊಳವೆ ಜೋಡಿಸಿದ್ದರೆ ಆ ಬೀದಿಯಲ್ಲಿ ಯಾರೂ ಒಲೆ ಹಚ್ಚಬೇಕಾಗಿರಲಿಲ್ಲ. ಬೆಳಿಗ್ಗೆ ಗ್ಯಾರೇಜಿನ ಗೇಟು ತೆಗೆದು, ಎದುರು ಗ್ಯಾರೇಜಿನ ಮುಂದೆ ನಿಂತಿರುತ್ತಿದ್ದ ಕೆನೆಬಣ್ಣದ ಕಾರನ್ನು ಒಮ್ಮೆ ನೋಡಿದರೆ ಸಾಕು, ಕೈಯಲ್ಲಿದ್ದ ಚಹಾ ಲೋಟದೊಳಗೇ ಇನ್ನೊಂದು ಸಲ ಕುದಿಯುತ್ತಿತ್ತು.

ಆ ಕಾರು ಅವನ ಷಡ್ಡಕನದು, ಎಂದರೆ ಹೆಂಡತಿಯ ತಂಗಿಯ ಗಂಡನದು. ಇಬ್ಬರೂ ಒಬ್ಬನೇ ಮಾವನ ಕೈಕೆಳಗೆ ಕೆಲಸ ಕಲಿತವರು. ಮಾವ ಇವನಿಗೆ ಎಂಜಿನ್ ಕೆಲಸವನ್ನೂ ದೊಡ್ಡ ಮಗಳನ್ನೂ, ಅವನಿಗೆ ಬಣ್ಣದ ಕೆಲಸವನ್ನೂ ಚಿಕ್ಕ ಮಗಳನ್ನೂ ಒಪ್ಪಿಸಿ ಕಣ್ಣು ಮುಚ್ಚಿದ. ಆಮೇಲೆ ಒಂದು ಸ್ಪ್ಯಾನರಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ರಸ್ತೆಯ ಈಚೆಯ ಷೆಡ್ಡು ಇವನಿಗೆ, ಆಚೆಯದು ಅವನಿಗೆ ಎಂದು ಪಾಲಾಯಿತು. ಜ್ಯಾಕು, ಏಣಿ, ಗೋಡೆಯ ಗಡಿಯಾರ, ಕೊನೆಗೆ ಬಾಗಿಲಲ್ಲಿ ಮಲಗುತ್ತಿದ್ದ ನಾಯಿ ಕೂಡ ಪಾಲಾಯಿತು. ನಾಯಿ ಮಾತ್ರ ತೀರ್ಪು ಒಪ್ಪದೆ ರಸ್ತೆಯ ನಡುವೆ ಮಲಗತೊಡಗಿತು.

ಪಾಲಾಗದೆ ಉಳಿದದ್ದು ಗ್ಯಾರೇಜಿನ ಲೈಸೆನ್ಸು. ಅದನ್ನು ಎರಡು ಮಾಡಿಸಬೇಕಾದರೆ ಯಾರಾದರೂ ಒಬ್ಬ ಮೊದಲು ಕಚೇರಿಗೆ ಹೋಗಿ ಅರ್ಜಿ ಹಾಕಬೇಕಿತ್ತು. ಮೊದಲು ಹೋದವನು ಸೋತ ಹಾಗೆ ಎಂದು ಇಬ್ಬರೂ ನಂಬಿದ್ದರು. ಹಾಗಾಗಿ ಪ್ರತಿ ವರ್ಷ ಅಕ್ಕತಂಗಿಯರು ಜೊತೆಯಾಗಿ ಹೋಗಿ, ಹಳೆಯದನ್ನೇ ಇಬ್ಬರ ಹೆಸರಲ್ಲಿ ನವೀಕರಿಸಿಕೊಂಡು, ದಾರಿಯಲ್ಲಿ ಐಸ್‌ಕ್ರೀಮ್ ತಿಂದು, ಗಂಡಂದಿರನ್ನು ಆಡಿಕೊಂಡು ನಗುತ್ತ ಬರುತ್ತಿದ್ದರು.

ಕೆನೆಬಣ್ಣದ ಕಾರು ಷಡ್ಡಕ ಕೊಂಡದ್ದಲ್ಲ. ಯಾರೋ ರಿಪೇರಿಗೆ ಬಿಟ್ಟು ಹೋಗಿ ತಿರುಗಿ ನೋಡದ ಗಾಡಿ. ಅವನು ಅದರ ಬೆನ್ನು ಹತ್ತಿ, ನೋಟಿಸು ಕಳಿಸಿ, ಕಾಯಿದೆ ಪ್ರಕಾರ ಹರಾಜು ಮಾಡಿಸಿ, ಗಾಡಿಯ ನೋಂದಣಿ ಬುಕ್ಕನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದ. ಮೇಲೆ ಬಣ್ಣ ಹೊಡೆದ ರೀತಿಗೆ ಕಾಗೆಗಳು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದವು. ಎಂಜಿನ್ ಮಾತ್ರ ಹಳೇ ಮುದುಕನ ಹಾಗೆ ಕೆಮ್ಮುತ್ತಿತ್ತು. ಒಂದು ಮಾತು ಕೇಳಿದ್ದರೆ ಮೇಸ್ತ್ರಿ ಅರ್ಧ ಗಂಟೆಯಲ್ಲಿ ಸರಿಮಾಡುತ್ತಿದ್ದ. ಷಡ್ಡಕ ಕೇಳಲಿಲ್ಲ, ಇವನು ಹೇಳಲಿಲ್ಲ. ದಿನಾ ಬೆಳಿಗ್ಗೆ ಆ ಕೆಮ್ಮು ಕೇಳಿದಾಗಷ್ಟೇ ಮೇಸ್ತ್ರಿಯ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತಿತ್ತು.

ಹಾಗೆಂದು ಮೇಸ್ತ್ರಿಯ ಅಂಗಳವೇನೂ ಬರಿದಾಗಿರಲಿಲ್ಲ. ಮೂಲೆಯಲ್ಲಿ ಒಂದು ಉದ್ದನೆಯ ನೀಲಿ ಕಾರು ಬಿದ್ದಿತ್ತು. ಪರದೆ ಬಟ್ಟೆಯ ವ್ಯಾಪಾರಿಯೊಬ್ಬ ಎಂಜಿನ್ ಬಿಚ್ಚಿಸಿ, "ನಾಳೆ ಬರ್ತೀನಿ" ಎಂದು ಹೋದವನು ತನ್ನ ಪರದೆಗಳ ಹಿಂದೆಯೇ ಎಲ್ಲೋ ಮಾಯವಾಗಿದ್ದ. ಅದರ ಹಿಂದಿನ ಸೀಟಿನಲ್ಲಿ ಬೆಕ್ಕು ಎಷ್ಟು ತಲೆಮಾರು ಮರಿ ಹಾಕಿತ್ತೆಂದರೆ, ಈಗಿನ ಮರಿಗಳು ಆ ಕಾರನ್ನು ಪಿತ್ರಾರ್ಜಿತ ಎಂದೇ ತಿಳಿದಿದ್ದವು.

"ನಮ್ಮನೇಲೂ ಒಂದು ಕಾರಿದೆ," ಎಂದಳು ಹೆಂಡತಿ ಒಂದು ದಿನ, ಬಟ್ಟೆ ಮಡಿಸುತ್ತ. "ಬೆಕ್ಕಿನ ಹೆಸರಲ್ಲಿ."

"ಬಾಯಿ ಮುಚ್ಚೇ."

"ನಾನ್ಯಾಕೆ ಮುಚ್ಚಲಿ? ಅಮ್ಮನ ಕಣ್ಣಿನ ಆಪರೇಷನ್ನಿಗೆ ಮೂರು ತಿಂಗಳ ಮೇಲೆ ದಿನ ಗೊತ್ತಾಯ್ತಲ್ಲ. ತಂಗಿ ಆಗಲೇ ಹೇಳಿದಾಳೆ, ಆಸ್ಪತ್ರೆಯಿಂದ ಅಮ್ಮ ಅವರ ಕಾರಲ್ಲೇ ಬರೋದು ಅಂತ."

ಮೇಸ್ತ್ರಿಯ ಎದೆಯಲ್ಲಿ ಯಾರೋ ಬೋಲ್ಟು ತಿರುಗಿಸಿದ ಹಾಗಾಯಿತು. ಅತ್ತೆ ಎಂದರೆ ಅವನಿಗೆ ಪ್ರಾಣ. ಗ್ರೀಸು ಮೆತ್ತಿದ ಕೈಯನ್ನು ಹಿಡಿದು, "ಇದು ನನ್ನ ದೊಡ್ಡ ಅಳಿಯ" ಎಂದು ಮೊದಲು ಹತ್ತು ಜನರೆದುರು ಹೇಳಿದವಳು ಅವಳು. ಆ ಅತ್ತೆ ಹೊಸ ಕಣ್ಣು ಬಿಟ್ಟು ಷಡ್ಡಕನ ಕಾರಿನಲ್ಲಿ ಕೂತು ಬರುವುದು, ಇವನು ಹಿಂದೆ ಸ್ಕೂಟರಿನಲ್ಲಿ ಹೊಗೆ ಕುಡಿಯುತ್ತ ಬರುವುದು, ಇದನ್ನು ನೆನೆದೇ ಅವನಿಗೆ ಊಟ ಸೇರಲಿಲ್ಲ. ಸಂಜೆಯೇ ಅತ್ತೆಯ ಮನೆಗೆ ಹೋದ.

"ಅತ್ತೆ, ನನ್ನ ಕಾರಲ್ಲಿ ಬರ್ತೀರಾ?"

"ನಿನ್ನ ಕಾರು ಆದ್ರೆ ಬರ್ತೀನಪ್ಪ. ಯಾರೋ ಬಿಟ್ಟು ಹೋದ ಗಾಡೀಲಿ ಕೂರಲ್ಲ. ನಾಳೆ ಅವನು ಬಂದು, ಇಳೀರಿ ಅಂದ್ರೆ, ಕಣ್ಣಿಗೆ ಬಟ್ಟೆ ಕಟ್ಕೊಂಡು ನಾನೆಲ್ಲಿ ಇಳೀಲಿ? ಬುಕ್ಕು ನಿನ್ನ ಹೆಸರಿಗೆ ಆಗಲಿ. ಆಮೇಲೆ ನೀನು ಕರೆದ್ರೆ ಡಿಕ್ಕಿಯಲ್ಲಿ ಬೇಕಾದ್ರೂ ಕೂರ್ತೀನಿ."

ಮರುದಿನ ಬೆಳಿಗ್ಗೆ ಮೇಸ್ತ್ರಿ ಸಾರಿಗೆ ಕಚೇರಿಯ ಕಿಟಕಿಯ ಮುಂದಿದ್ದ. ಒಳಗೆ ದಪ್ಪ ಕನ್ನಡಕದ ಗುಮಾಸ್ತೆ. ಇಂಥ ಅನಾಥ ಗಾಡಿಗಳ ಕಥೆ ಕೇಳಿ ಕೇಳಿ ಆಕೆಗೆ ಆಕಳಿಕೆಯೇ ಮಾತಾಗಿತ್ತು. ಮೊದಲು ಗಾಡಿಯ ಮೇಲೆ ಬ್ಯಾಂಕಿನ ಸಾಲವಿದೆಯೋ ನೋಡಬೇಕು, ಇದ್ದರೆ ಬ್ಯಾಂಕಿನದೇ ಮೊದಲ ಹಕ್ಕು. ಆಮೇಲೆ ಮಾಲೀಕನಿಗೆ ನೋಟಿಸು, ಪತ್ರಿಕೆಯಲ್ಲಿ ಪ್ರಕಟಣೆ, ಹರಾಜು. ಕೊನೆಗೆ ಇನ್ಸ್‌ಪೆಕ್ಟರ್ ಬಂದು ಗಾಡಿ ನೋಡಿ ಬರೆದುಕೊಟ್ಟ ಮೇಲೆ ಬುಕ್ಕು, ಎಂದು ಆಕೆ ಹೇಳಿದಳು.

"ಒಂದು ಮಾತು ನೆನಪಿರಲಿ," ಎಂದು ಕನ್ನಡಕ ಮೇಲೇರಿಸಿದಳು. "ರಿಪೇರಿ ಮಾಡಿದವರಿಗೆ ಗಾಡಿ ಮೇಲೆ ಹಕ್ಕು ಇರೋದು ಅದು ಅವರ ಹಿಡಿತದಲ್ಲಿ ಇರೋ ತನಕ ಮಾತ್ರ. ಇನ್ಸ್‌ಪೆಕ್ಟರ್ ಬಂದು ನೋಡೋವರೆಗೆ ಗಾಡಿ ನಿಮ್ಮ ಗೇಟು ದಾಟಬಾರದು. ದಾಟಿತೋ, ನಿಮ್ಮ ಹಕ್ಕು ಹೋಯ್ತು, ಎಲ್ಲ ಮೊದಲಿಂದ."

"ಮೇಡಂ, ಅದು ಗೇಟು ದಾಟೋದಿರಲಿ, ಬೆಕ್ಕನ್ನೇ ದಾಟಿಲ್ಲ," ಎಂದ ಮೇಸ್ತ್ರಿ.

ಎಲ್ಲ ಒಂದೊಂದಾಗಿ ಆಯಿತು. ಸಾಲ ಎಂದೋ ತೀರಿದೆ ಎಂದು ಬ್ಯಾಂಕಿನವರು ಪತ್ರ ಕೊಟ್ಟರು. ನೋಟಿಸು, ಮನೆ ಬಿಟ್ಟಿದ್ದಾರೆ ಎಂಬ ಷರಾ ಹೊತ್ತು ಹಿಂದೆ ಬಂತು. ಹರಾಜಿಗೆ ಬಂದ ಗುಜರಿಯವನೊಬ್ಬ ಸೀಟಿನ ಮೇಲಿನ ಬೆಕ್ಕನ್ನು ನೋಡಿದ, ಬೆಕ್ಕು ಅವನನ್ನು ನೋಡಿತು, ಅವನು ನಮಸ್ಕಾರ ಹೇಳಿ ಹೋದ, ಗಾಡಿ ಮೇಸ್ತ್ರಿಗೇ ನಿಂತಿತು. ಇನ್ನು ಇನ್ಸ್‌ಪೆಕ್ಟರ್ ಬರುವುದಷ್ಟೇ ಬಾಕಿ. ಈ ವಾರದಲ್ಲಿ ಯಾವತ್ತಾದರೂ ಬರುತ್ತಾರೆ ಎಂದು ಹೇಳಿ ಕಳಿಸಿದ್ದರು. ಅತ್ತೆ ಆಸ್ಪತ್ರೆಯಿಂದ ಮನೆಗೆ ಬರುವುದೂ ಅದೇ ವಾರದ ಕೊನೆಗೆ.

ಅಷ್ಟರಲ್ಲಿ ಮೇಸ್ತ್ರಿ ಎಂಜಿನ್ನನ್ನು ಮಗುವಿನ ಹಾಗೆ ತೊಳೆದು, ಒರೆಸಿ, ಕಟ್ಟಿ ನಿಲ್ಲಿಸಿದ್ದ. ಚಾಲೂ ಮಾಡಿದರೆ ಮಾಡಿದ್ದು ತಿಳಿಯುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟರೆ ಹನಿ ಅಲುಗುತ್ತಿರಲಿಲ್ಲ. ನೊಣ ಬಂದು ಕೂತು ನಿದ್ದೆ ಹೋಗುತ್ತಿತ್ತು. ಆದರೆ ಹೊರಗಿನ ಮೈ? ತುಕ್ಕು, ಗೀರು, ಬೆಕ್ಕಿನ ಉಗುರಿನ ಗುರುತು. ಕೆನೆಬಣ್ಣದ ಪಕ್ಕ ಇದನ್ನು ನಿಲ್ಲಿಸುವುದೆಂದರೆ ಹೊಸ ಬಟ್ಟೆಯವನ ಪಕ್ಕ ಹರಿದ ಬನಿಯನ್ನಿನಲ್ಲಿ ನಿಂತ ಹಾಗೆ.

ಗೇಟಿನಾಚೆ ಯಾರೋ ನಿಂತಿದ್ದರು. ನೋಡಿದರೆ ಷಡ್ಡಕ. ಎಂಜಿನ್ ಓಡುತ್ತಿತ್ತು. ಶಬ್ದವಿಲ್ಲದ ಆ ಎಂಜಿನ್ನನ್ನು ಅವನು ಕಿವಿಗೊಟ್ಟು ಕೇಳುತ್ತಿದ್ದ. ಅವನ ಮುಖ ಹುಳ್ಳಗಾಗಿತ್ತು. ಆ ಹುಳಿಯನ್ನು ಮೇಸ್ತ್ರಿ ಕನ್ನಡಿಯಲ್ಲಿ ದಿನವೂ ನೋಡಿದವನು, ಗುರುತು ಹತ್ತಿತು. ಮೇಸ್ತ್ರಿಗೆ ಬಹಳ ಹಿತವಾಯಿತು.

"ಏನಣ್ಣ," ಎಂದ ಷಡ್ಡಕ, "ಒಳಗೆ ರಾಜಕುಮಾರ, ಹೊರಗೆ ಭಿಕ್ಷುಕ."

"ನಿನ್ನದು ತಿರುಗಾ ಮುರುಗಾ ಅಲ್ವೇನೋ. ಹೊರಗೆ ರಾಜಕುಮಾರ, ಒಳಗೆ ಕ್ಷಯರೋಗಿ."

ಷಡ್ಡಕ ಗೇಟಿನೊಳಗೆ ಬಂದ. ನೀಲಿ ಬಾಗಿಲ ಮೇಲೆ ಬೆರಳಾಡಿಸಿದ. "ತಳ ಗಟ್ಟಿಯಿದೆ. ಎರಡು ದಿನ ಕೊಟ್ರೆ ಆಕಾಶ ಇಳಿಸಿಬಿಡ್ತೀನಿ ಇದರ ಮೇಲೆ."

ಬೇಡ ಎನ್ನಲು ಮೇಸ್ತ್ರಿ ಬಾಯಿ ತೆರೆದ. ತೆರೆದ ಬಾಯಿಗೆ ಕೆನೆಬಣ್ಣದ ಹೊಳಪು ಅಡ್ಡ ಬಂತು. ಅತ್ತೆಯ ಹೊಸ ಕಣ್ಣು, ಅದರ ಮುಂದೆ ಎರಡು ಕಾರು, ತನ್ನದೇ ಹೆಚ್ಚು ಹೊಳೆಯುವುದು. ಹೇಗೂ ಇನ್ಸ್‌ಪೆಕ್ಟರ್ ವಾರದಲ್ಲಿ ಬರುತ್ತೇನೆ ಎಂದರೆ ತಿಂಗಳಲ್ಲಿ ಬರುತ್ತಾನೆ. ರಸ್ತೆ ಎಷ್ಟು ಅಗಲ? ನಾಯಿ ಮೈ ಮುರಿದರೆ ಮುಗಿಯುವಷ್ಟು. ಓಡಿಸದೆ ತಳ್ಳಿಕೊಂಡು ಹೋದರೆ ಅದು ಗೇಟು ದಾಟಿದ ಲೆಕ್ಕವೇ ಅಲ್ಲ, ಎಂದು ಅವನು ತನಗೆ ತಾನೇ ಕಾನೂನು ಬರೆದುಕೊಂಡ.

ಇಬ್ಬರೂ ಹೆಗಲು ಕೊಟ್ಟು ತಳ್ಳಿದರು. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಇಳಿದು, ಇಬ್ಬರನ್ನೂ ಒಂದು ನೋಟ ನೋಡಿ ಹೋಯಿತು.

ಎರಡನೆಯ ದಿನ ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದ. ಹೇಳಿದ ವಾರದಲ್ಲೇ ಬಂದ ಮನುಷ್ಯ, ಅದೂ ಊಟದ ಹೊತ್ತಿಗೆ; ಮೇಸ್ತ್ರಿಗೆ ಭೂಮಿ ಬಾಯಿಬಿಟ್ಟ ಹಾಗಾಯಿತು.

"ಎಲ್ಲಿ ನೀಲಿ ಕಾರು?"

ಮೂಲೆಯಲ್ಲಿ ಕಾರಿನಾಕಾರದ ಧೂಳು ಮಾತ್ರ ಇತ್ತು. ಮೇಸ್ತ್ರಿಯ ಕೈ ತಾನಾಗಿ ರಸ್ತೆಯಾಚೆ ಎದ್ದಿತು. ಆಚೆ ಷೆಡ್ಡಿನಲ್ಲಿ ನೀಲಿ ಕಾರು ನಿಜಕ್ಕೂ ಆಕಾಶ ಹೊದ್ದು ನಿಂತಿತ್ತು, ಕೆನೆಬಣ್ಣದ್ದನ್ನು ಹಾಲಿನ ಲೋಟದ ಹಾಗೆ ಕಾಣಿಸುತ್ತ.

ಇನ್ಸ್‌ಪೆಕ್ಟರ್ ದಾಟಿ ಹೋದ. ಮೇಸ್ತ್ರಿ ಹಿಂದೆ ಹೋದ; ಕಾಲು ಬರುತ್ತಿತ್ತು, ಉಳಿದದ್ದು ಹಿಂದೆಯೇ ಇತ್ತು.

"ಗಾಡಿ ಯಾರ ಹಿಡಿತದಲ್ಲಿದೆ ಈಗ?" ಇನ್ಸ್‌ಪೆಕ್ಟರ್ ಕೇಳಿದ್ದು ಷಡ್ಡಕನನ್ನು.

ಷಡ್ಡಕ ಬಣ್ಣದ ಗನ್ನು ಕೆಳಗಿಟ್ಟ. ಅವನಿಗೆ ಈ ದಾರಿ ಪೂರ್ತಿ ಗೊತ್ತಿತ್ತು, ಒಮ್ಮೆ ನಡೆದವನು. ತಾನು ಬಣ್ಣ ಹೊಡೆದಿದ್ದೇನೆ, ಗಾಡಿ ನನ್ನ ಗೇಟಿನೊಳಗಿದೆ ಎಂದರೆ ಸಾಕು. ಮೇಸ್ತ್ರಿಯ ಕೆಲಸವೆಲ್ಲ ನೀರಿನಲ್ಲಿ ಹೋಮ. ಮೇಸ್ತ್ರಿ ಷಡ್ಡಕನ ಮುಖ ನೋಡಿದ. ಅಲ್ಲಿ ಆಸೆ ಇಣುಕಿ ಹೋದದ್ದು ಸ್ಪಷ್ಟವಾಗಿ ಕಂಡಿತು. ಅದೇ ಜಾಗದಲ್ಲಿ ತಾನಿದ್ದಿದ್ದರೆ ಎಂದುಕೊಂಡು ಅವನು ತಲೆ ತಗ್ಗಿಸಿದ.

ಷಡ್ಡಕ ಒಮ್ಮೆ ಕಾರನ್ನು, ಒಮ್ಮೆ ಮೇಸ್ತ್ರಿಯನ್ನು ನೋಡಿ, ನಿಧಾನಕ್ಕೆ ಗೋಡೆಯತ್ತ ಗದ್ದ ಎತ್ತಿದ. ವರ್ಷಕ್ಕೊಬ್ಬರ ಗೋಡೆಯಲ್ಲಿ ತೂಗುತ್ತಿದ್ದ ಲೈಸೆನ್ಸಿಗೆ ಆ ವರ್ಷ ಅವನ ಗೋಡೆಯ ಪಾಳಿ.

"ಗ್ಯಾರೇಜಿನ ಹಿಡಿತದಲ್ಲೇ ಇದೆ ಸಾರ್. ಓದಿ ಬೇಕಾದ್ರೆ. ಎರಡು ಷೆಡ್ಡು, ಒಂದೇ ಗ್ಯಾರೇಜು. ಎಂಜಿನ್ ಅಣ್ಣ ನೋಡ್ಕೋತಾರೆ, ಬಣ್ಣ ನಾನು."

"ನಡುವೆ ರಸ್ತೆ ಇದೆಯಲ್ರೀ."

"ಅದು ಸರ್ಕಾರದ್ದು ಸಾರ್. ನಾವೇನೂ ಹಾಕಿಸಿಲ್ಲ."

ಇನ್ಸ್‌ಪೆಕ್ಟರ್ ಲೈಸೆನ್ಸನ್ನು ಎರಡು ಸಲ ಓದಿದ. ಎರಡೂ ಷೆಡ್ಡುಗಳ ನಂಬರು ಅದರಲ್ಲಿ ಇತ್ತು. "ಸರಿ. ಹಾಗಾದ್ರೆ ಬುಕ್ಕೂ ಗ್ಯಾರೇಜಿನ ಹೆಸರಿಗೇ ಆಗ್ಬೇಕು. ಇಬ್ಬರೂ ಸಹಿ ಹಾಕಿ."

ಪೆನ್ನು ಮೊದಲು ಯಾರ ಕೈಗೆ ಎಂದು ಒಂದು ಕ್ಷಣ ಗಾಳಿ ಕೂಡ ನಿಂತಿತು. ಮೇಸ್ತ್ರಿ ಪೆನ್ನನ್ನು ಷಡ್ಡಕನತ್ತ ಸರಿಸಿ, "ನೀನೇ ಹಾಕೋ" ಎಂದ. ಅವನ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ರಸ್ತೆಯ ನಡುವಿನ ನಾಯಿ ತಲೆ ಎತ್ತಿ ನೋಡಿತು.

ವಾರದ ಕೊನೆಗೆ, ಹೊಸ ಬುಕ್ಕನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೇಸ್ತ್ರಿ ನೀಲಿ ಕಾರು ನಡೆಸುತ್ತ ಆಸ್ಪತ್ರೆಯ ಬಾಗಿಲಿಗೆ ಬಂದ. ಪಕ್ಕದಲ್ಲಿ ಷಡ್ಡಕ. ಹಿಂದೆ ಅಕ್ಕತಂಗಿಯರು ನಡುವೆ ಅತ್ತೆಯನ್ನು ಕೂರಿಸಿಕೊಂಡರು.

"ಯಾರ ಕಾರಪ್ಪ ಇದು?" ಎಂದಳು ಅತ್ತೆ, ಕಪ್ಪು ಕನ್ನಡಕದೊಳಗಿಂದ.

"ನಮ್ಮಿಬ್ಬರದ್ದೂ ಅತ್ತೆ," ಎಂದ ಮೇಸ್ತ್ರಿ. 'ಇಬ್ಬರದ್ದೂ' ಎನ್ನುವಾಗ ನಾಲಿಗೆ ತುಸು ಎಡವಿತು.

ಅತ್ತೆ ಮನೆಯ ಮುಂದೆ ಇಳಿದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಕಾರಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮೇಸ್ತ್ರಿ ಬಾನೆಟ್ಟಿನ ಪಕ್ಕಕ್ಕೆ ಬಂದು ನಿಂತ.

"ಎಂಥಾ ಬಣ್ಣ ಕಣಪ್ಪ," ಎಂದು ಚಿಕ್ಕ ಅಳಿಯನ ಬೆನ್ನು ತಟ್ಟಿದಳು. "ನನಗೆ ಕಣ್ಣು ಬಂದದ್ದು ಸಾರ್ಥಕ ಆಯ್ತು."

"ಎಂಜಿನ್ ಹೇಗಿತ್ತು ಅತ್ತೆ?" ಮೇಸ್ತ್ರಿ ಕೇಳಿಯೇಬಿಟ್ಟ.

"ಎಂಜಿನ್ನಾ? ಶಬ್ದವೇ ಕೇಳಿಸಲಿಲ್ಲವಲ್ಲ. ಇಳಿಜಾರಿನಲ್ಲಿ ಬಂದ್ವಿ ಅಂದ್ಕೊಂಡೆ."

ಷಡ್ಡಕ ಬೇರೆ ಕಡೆ ನೋಡಿದ. ಅವನ ಭುಜ ಮಾತ್ರ ನಗುತ್ತಿತ್ತು.

ಮರುದಿನ ಬೆಳಿಗ್ಗೆ ಬೀದಿಯವರು ಏಳುವ ಮೊದಲೇ ಮೇಸ್ತ್ರಿ ರಸ್ತೆ ದಾಟಿ ಹೋಗಿ, ಯಾರೂ ಕೇಳದಿದ್ದರೂ, ಕೆನೆಬಣ್ಣದ ಕಾರಿನ ಕೆಮ್ಮನ್ನು ವಾಸಿ ಮಾಡಿದ. ಇನ್ಸ್‌ಪೆಕ್ಟರನ ಮುಂದೆ ಷಡ್ಡಕ ಆಡಿದ ಮಾತಿನ ಋಣ ಅದು. ಆಮೇಲೆ ತನ್ನ ಅಂಗಳಕ್ಕೆ ವಾಪಸು ಬಂದು, ನೀಲಿ ಕಾರಿನ ಕೆಳಗೆ ನುಸುಳಿ, ಸೈಲೆನ್ಸರಿನ ಒಂದು ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಮುಂದಿನ ಸಲ ಅತ್ತೆ ಕೂತಾಗ, ಎಂಜಿನ್ ಇದೆ ಎಂಬುದಾದರೂ ಆಕೆಗೆ ಕೇಳಿಸಬೇಕಲ್ಲ.