ಹಾಡಿನ ಹಿಂದೆ ಹೊನ್ನೂರಮ್ಮನ ಹೆಸರು

"ನೋಟನ್ನ ಬೆಳಕಿಗೆ ಹಿಡಿದ್ರ ಒಳಗ ಒಂದು ಮುಖ ಕಾಣ್ತತಲ್ರಿ, ಹಂಗ ಪ್ರತಿ ಹಾಳ್ಯಾಗ ನನ್ನ ಹೆಸರು ಕಾಣಬೇಕ್ರಿ," ಎಂದರು ಹೊನ್ನೂರಮ್ಮ. ಬೊಮ್ಮನಹಾಳ್ ಕಡೆ ಭತ್ತದ ನಾಟಿಗೆ ಹೋಗುವ ಅವರು, ಗದ್ದೆಯಲ್ಲಿ ತಾವೇ ಕಟ್ಟಿ ಹಾಡುವ ಹಾಡುಗಳನ್ನು ರಾಯದುರ್ಗದ ನನ್ನ ಟೈಪಿಂಗ್ ಅಂಗಡಿಗೆ ಬಂದು, ಬಾಯಲ್ಲಿ ಹೇಳಿ ಬರೆಸಿದ್ದರು. ಹಿಂದೊಮ್ಮೆ ಅವರು ಹೇಳಿಕೊಟ್ಟ ಹಾಡುಗಳನ್ನು ಯಾರೋ ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿಕೊಂಡಿದ್ದರಂತೆ.

"ಹಾಳಿ ಕೆಳಗ ಬರದ್ರ ಕತ್ತರಿಸಿ ಒಗೀತಾರ್ರಿ. ಹಾಡಿನ ಹಿಂದ ಇರ್ಲಿ."

ನಾನು ಬೆರಗಾದೆ. ಓದು ಬರಹ ಕಲಿಯದ ಈಕೆ ಕೇಳುತ್ತಿದ್ದುದು ಬರಹದ ಹಿಂದೆ ತೆಳುವಾಗಿ ಮೂಡುವ ವಾಟರ್‌ಮಾರ್ಕ್! ಇಷ್ಟು ವರ್ಷ ನಾನು ಅದರಲ್ಲಿ 'ಕರಡು' ಎಂದು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಅವರ ಹೆಸರನ್ನು ತಿಳಿ ಬೂದು ಬಣ್ಣದಲ್ಲಿ, ಹಾಳೆಯ ತುಂಬ ಓರೆಯಾಗಿ ಬರುವಂತೆ ಹಾಕಿ ಒಂದು ಪುಟ ಮುದ್ರಿಸಿ ಕೊಟ್ಟೆ. ಅವರಿಗೆ ಗುರುತು ಸಿಗುವುದು ಆ ನಾಲ್ಕು ಅಕ್ಷರ ಮಾತ್ರ. ಹಾಳೆಯ ಮೇಲೆ ಬೆರಳಾಡಿಸಿ ಹುಡುಕಿದವರು ತಲೆಯಾಡಿಸಿದರು.

"ಇದ್ರಾಗ ನಾ ಕಾಣವಲ್ಲೆ. ಇನ್ನಷ್ಟು ಗಟ್ಟಿ ಮಾಡ್ರಿ."

ಬಣ್ಣ ಗಾಢ ಮಾಡಿ ಎಲ್ಲ ಪುಟಗಳನ್ನೂ ಮುದ್ರಿಸಿದೆ. ಅವರು ಒಂದೊಂದನ್ನೇ ನೋಡಿ, ಜೋಡಿಸಿ, ಎದೆಗವಚಿಕೊಂಡು ಎದ್ದರು. "ಈಗ ಯಾರ್ ಬೇಕಾದ್ರೂ ಓದ್ಲಿ," ಎಂದು ನಗುತ್ತಾ ಬಸ್ ನಿಲ್ದಾಣದತ್ತ ನಡೆದರು.

ಈಗ ಯಾರೇ ಹಾಡೋ ಕತೆಯೋ ಟೈಪ್ ಮಾಡಿಸಲು ಬಂದರೂ, ಶೀರ್ಷಿಕೆ ಏನೆಂದು ಕೇಳುವ ಮೊದಲು ನಾನು ಕೇಳುವುದು ಒಂದೇ ಮಾತು: "ಇದನ್ನ ಕಟ್ಟಿದವರು ಯಾರ್ರಿ?"