ಬಸ್ಯಾನಿಗೆ ‘ರೀ’ ಅಂದ ದಿನ

ನಿನ್ನೆ ಸಂಜೀಕ ದೇಶಪಾಂಡೆ ನಗರದಾಗ ಗಿರ್ಮಿಟ್ ತಿನಕೋತ ಅಂಗಡಿ ಟಿವಿಯಾಗ ಫುಟ್‌ಬಾಲ್ ನೋಡಾಕತ್ತಿದ್ದೆ. ಸೋತ ಟೀಮಿನ ಕಡಿ ಮಂದಿನೇ ತಮ್ಮ ಕೋಚ್‌ಗೆ ‘ಹೋ’ ಅಂತ ಕೂಗಿ ಛೀ ಥೂ ಅನ್ನಾಕತ್ತಿದ್ರು. ಹಸಿ ಉಳ್ಳಾಗಡ್ಡಿ ವಾಸನಿ ಜೋಡಿ ನಮ್ಮ ಕಾಕಾ ನೆನಪಾದ.

ಹಿಂದಕ ಗೋಪನಕೊಪ್ಪದ ಬಯಲಾಗ ನಮ್ಮ ಓಣಿ ಫುಟ್‌ಬಾಲ್ ಟೀಮಿಗೆ ಕೋಚ್ ಆಗಿದ್ದಾಂವ ಬಸಪ್ಪ, ಕಾಕಾನ ಸಾಲಿ ಗೆಳೆಯ. ಕಾಕಾ ಗಿರ್ಮಿಟ್ ಪೊಟ್ಟಣ ಹಿಡ್ಕೊಂಡು ಬಯಲಿನ ಗೆರಿ ಬಾಜೂಕ ನಿಂತು, "ಲೇ ಬಸ್ಯಾ, ಕಣ್ಣ ಎಲ್ಲಿಟ್ಟೀಯಲೇ!" ಅಂತ ಆಟ ಮುಗಿಯೂತನಕ ಬೈತಿದ್ದ. ಎದುರಿನ ಟೀಮಿನವರಿಗೆ ಮಾತ್ರ "ಛಲೋ ಆಡಿದ್ರಿ" ಅಂತ ಮರ್ಯಾದಿ.

ಒಮ್ಮೆ ಭಾಳ ಕೆಟ್ಟ ಸೋತ್ವಿ. ಕಾಕಾ ಬೈಲೇ ಇಲ್ಲ. "ಬರ್ತೀನ್ರಿ, ಬಸಪ್ಪನವರ" ಅಂದು ಮನಿಗೆ ಬಂದುಬಿಟ್ಟ.

ದೀಪ ಹಚ್ಚೂ ಹೊತ್ತಿಗೆ ಬಸಪ್ಪ ನಮ್ಮ ಕಟ್ಟಿ ಮುಂದ ಬಂದು ನಿಂತ. "ಬೇಕಾದಷ್ಟ ಬೈ ಲೇ. ನನಗ ‘ರೀ’ ಅನಬ್ಯಾಡ" ಅಂದ.

ಕಾಕಾ ಕಟ್ಟಿ ಮ್ಯಾಲ ಸರದು ಜಾಗಾ ಕೊಟ್ಟ. "ಕುಂಡ್ರಲೇ, ಚಾ ಕುಡಿ."

"ತಮ್ಮವರಿಗೇ ಹಿಂಗ ಕೂಗಬೌದೇನ್ರಿ?" ಅಂತ ನಿನ್ನೆ ಗಿರ್ಮಿಟ್ ಅಂಗಡಿಯಾಂವ ಟಿವಿ ಕಡೆ ಕೈ ಮಾಡಿ ಕೇಳಿದ.

"ಕೂಗಲಿ ಬಿಡ್ರಿ," ಅಂದೆ, "ಇನ್ನೂ ‘ರೀ’ ಅಂದಿಲ್ಲಲ್ಲ."