ಭಾವನವರು ಬಾಡಿಗೆಗೆ ಹಿಡಿದ ಕಾರು

ನನ್ನ ಗಂಡನ ಅಣ್ಣ ಗುಟ್ಕಾ ತಿನ್ನುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಪ್ರವಾಸವನ್ನು ನೆನೆದಾಗಲೆಲ್ಲ ಹಿಮದ ಬೆಟ್ಟಗಳಿಗಿಂತ ಮುಂಚೆ ನನ್ನ ಮೂಗಿಗೆ ಬರುವುದು ಆ ವಾಸನೆ. ಏಲಕ್ಕಿ, ಸುಣ್ಣ, ತಂಬಾಕು ಮತ್ತು ಒಂದು ವಾರ ಮುಚ್ಚಿಟ್ಟ ಗಾಡಿಯೊಳಗಿನ ಬಿಸಿಗಾಳಿ.

ಆಗ ನಾವು ಪುಣೆಯ ಬಿಬವೇವಾಡಿಯಲ್ಲಿ ಒಂದೇ ಕಟ್ಟಡದಲ್ಲಿದ್ದೆವು. ಮೇಲಿನ ಮಹಡಿಯಲ್ಲಿ ಭಾವನವರು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು. ಕೆಳಗೆ ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು. ಬಾಗಲಕೋಟೆ ಕಡೆಯಿಂದ ಬಂದ ಮಾವನವರು ಶುರು ಮಾಡಿದ್ದ ಪ್ಲೈವುಡ್ ಅಂಗಡಿಯನ್ನು ಭಾವನವರು ದೊಡ್ಡದು ಮಾಡಿದ್ದರು. ನನ್ನ ಗಂಡ ಅಲ್ಲಿಯೇ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ನಾನು ಕ್ಯಾಂಪ್ ಬಡಾವಣೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಎಂಟು ವರ್ಷದಿಂದ ನಮ್ಮ ಹಳೆಯ ಮಾರುತಿಯನ್ನು ನಾನೇ ಓಡಿಸಿಕೊಂಡು ಶಾಲೆಗೆ ಹೋಗಿ ಬರುತ್ತಿದ್ದೆ. ಭಾವನವರಿಗೆ ದೊಡ್ಡ ಗಾಡಿ ಇತ್ತು, ಅದಕ್ಕೆ ಡ್ರೈವರ್ ಇದ್ದ. ಅವರು ಸ್ವತಃ ಸ್ಟೇರಿಂಗ್ ಹಿಡಿಯುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ, ಭೋರ್ ಕಡೆ ಗೆಳೆಯರ ತೋಟಕ್ಕೆ ಪಾರ್ಟಿಗೆ ಹೋಗುವಾಗ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅವರ ಜೊತೆ ವ್ಯವಹಾರ ಮಾಡುವ ಒಬ್ಬ ಬಿಲ್ಡರ್ ಕುಟುಂಬ ಸಮೇತ ಆಸ್ಟ್ರಿಯಾಕ್ಕೆ ಹೋಗಿ ಹಿಮದ ಮೇಲೆ ಜಾರಿ ಬಂದು, ಆ ಫೋಟೋಗಳನ್ನು ದೊಡ್ಡದು ಮಾಡಿಸಿ ಆಫೀಸಿನ ಗೋಡೆಗೆ ಹಾಕಿಸಿದ್ದ. ಅದನ್ನು ನೋಡಿ ಬಂದ ಸಂಜೆಯೇ ಭಾವನವರು ತೀರ್ಮಾನ ಮಾಡಿದರು. ಡಿಸೆಂಬರ್ ರಜೆಯಲ್ಲಿ ಎರಡೂ ಮನೆಯವರು ಸ್ಕೀಯಿಂಗಿಗೆ ಹೋಗುವುದು. ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವ ಟೂರು ಬೇಡ, ಅಲ್ಲಿ ಏಳು ಜನರ ಗಾಡಿ ಬಾಡಿಗೆಗೆ ಹಿಡಿದು ತಾವೇ ಓಡಿಸುವುದು. ನಮ್ಮನ್ನು ಕರೆದದ್ದು ಪ್ರೀತಿಯಿಂದ ಅಂತ ನನ್ನ ಗಂಡ ಹೇಳಿದರು. ಇಂಗ್ಲಿಷ್ ಮಾತಾಡಲು ಅವರಿಗೆ ಯಾರಾದರೂ ಬೇಕಿತ್ತು ಅಂತ ನಾನು ತಿಳಿದೆ.

ವಿದೇಶದಲ್ಲಿ ಗಾಡಿ ಓಡಿಸಲು ಬೇಕಾದ ಪರ್ಮಿಟ್ಟನ್ನು ಆರ್‌ಟಿಓ ಏಜೆಂಟ್ ಒಬ್ಬ ಭಾವನವರ ಮನೆಗೇ ತಂದುಕೊಟ್ಟು ಚಹಾ ಕುಡಿದು ಹೋದ. ಅವತ್ತು ನಾನು ಹೇಳಿದೆ, "ನಂದೂ ಒಂದು ಮಾಡಸ್ತೀನ್ರಿ. ಘಟ್ಟದ ರಸ್ತೆ ಇರ್ತದ, ಒಬ್ಬರಿಗೇ ದಣಿವಾಗ್ತದ."

ಭಾವನವರು ನಕ್ಕರು. "ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ಟು ನಾವು ಹಿಂದ ಕುಂಡ್ರೂದೇನವಾ? ನೀ ಆರಾಮ ಡೋಂಗರ ಗುಡ್ಡ ನೋಡ್ಕೋತ ಕೂಡು."

ನನ್ನ ಗಂಡನೂ ನಕ್ಕರು. ಮರುವಾರ ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ, ಸಾಲಿನಲ್ಲಿ ನಿಂತು ನನ್ನ ಪರ್ಮಿಟ್ ಮಾಡಿಸಿಕೊಂಡು ಬಂದೆ. ಯಾರಿಗೂ ಹೇಳಲಿಲ್ಲ.

ಜರ್ಮನಿಯ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಗಾಡಿ ಬಾಡಿಗೆಗೆ ಕೊಡುವ ಕೌಂಟರಿನಲ್ಲಿದ್ದ ಹುಡುಗಿ ಭಾವನವರ ಕಾಗದಪತ್ರ ನೋಡಿ, ಬೇರೆ ಯಾರಾದರೂ ಓಡಿಸುತ್ತೀರಾ ಎಂದು ಕೇಳಿದಳು. ನನ್ನ ಗಂಡ ಇಲ್ಲ ಎನ್ನುವಷ್ಟರಲ್ಲಿ ನಾನು ನನ್ನ ಪರ್ಮಿಟ್ ಅವಳ ಮುಂದಿಟ್ಟೆ. ಅವಳು ನನ್ನ ಹೆಸರನ್ನೂ ಬರೆದುಕೊಂಡು ಸಹಿ ಹಾಕಿಸಿದಳು. ಭಾವನವರು ಬೀಗದಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಕೆಳಗೆ ಪಾರ್ಕಿಂಗಿನಲ್ಲಿ ಅಕ್ಕಾರು, ಅಂದರೆ ಭಾವನವರ ಹೆಂಡತಿ, ಜೇಜುರಿಯ ಗುಡಿಯಿಂದ ತಂದಿದ್ದ ಭಂಡಾರದ ಅರಿಸಿನವನ್ನು ಸ್ಟೇರಿಂಗಿಗೆ ಹಚ್ಚಿ ಕೈಮುಗಿದರು. ಗಾಡಿ ಹೊಚ್ಚ ಹೊಸದು. ಬೂದು ಬಣ್ಣದ ಸೀಟುಗಳ ಮೇಲೆ ಒಂದು ಕಲೆ ಇರಲಿಲ್ಲ.

ಹೊರಟ ಕಾಲು ಗಂಟೆಗೆ ಭಾವನವರು ಗುಟ್ಕಾದ ಚೀಟಿ ಹರಿದು ಬಾಯಿಗೆ ಸುರುವಿಕೊಂಡರು. ಆ ವೇಗದ ರಸ್ತೆಯಲ್ಲಿ ಕಿಟಕಿ ಇಳಿಸಿ ಉಗುಳುವ ಹಾಗಿರಲಿಲ್ಲ. ಅದಕ್ಕೆ ಖಾಲಿಯಾದ ನೀರಿನ ಬಾಟಲಿಯೊಂದನ್ನು ಹಿಡಿದುಕೊಂಡು ಅದರಲ್ಲಿ ಉಗುಳತೊಡಗಿದರು. ಉಗುಳಿ, ಮುಚ್ಚಳ ಹಾಕದೆ, ಎರಡು ಸೀಟುಗಳ ನಡುವೆ ಲೋಟ ಇಡುವ ಗುಂಡಿಯಲ್ಲಿ ಅದನ್ನಿಡುತ್ತಿದ್ದರು. ಪಕ್ಕದಲ್ಲಿ ಕೂತ ನನ್ನ ಗಂಡ, ಗಾಡಿ ತಿರುಗಿದಾಗಲೆಲ್ಲ ಅದು ಉರುಳದಂತೆ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ನಲವತ್ತು ವರ್ಷದ ಮನುಷ್ಯ ತನ್ನ ಅಣ್ಣನ ಉಗುಳನ್ನು ಜೋಪಾನವಾಗಿ ಹಿಡಿದು ಕೂತದ್ದನ್ನು ಹಿಂದಿನ ಸೀಟಿನಿಂದ ದಾರಿಯುದ್ದಕ್ಕೂ ನೋಡಿದೆ. ಘಟ್ಟದ ತಿರುವುಗಳು ಶುರುವಾದ ಮೇಲೆ ಅಕ್ಕಾರ ಸಣ್ಣ ಮಗ ಚಕ್ಕುಲಿ, ಶೇಂಗಾ ಚಟ್ನಿ ಎಲ್ಲವನ್ನೂ ಕಾರಿಕೊಂಡ. ನಿಲ್ಲಿಸಿರಿ ಎಂದರೆ ಭಾವನವರು ನಿಲ್ಲಿಸಲಿಲ್ಲ. "ಇನ್ನೇನು ಬಂತು" ಎನ್ನುತ್ತ ಒಂದು ಗಂಟೆ ಓಡಿಸಿದರು. ನಾನೂ ಅಕ್ಕಾರೂ ನಮ್ಮ ಶಾಲುಗಳಿಂದ ಒರೆಸಿದೆವು.

ಆಸ್ಟ್ರಿಯಾದಲ್ಲಿ ನಾವು ಇಳಿದುಕೊಂಡ ಹಳ್ಳಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಕ್ಕಳು ಮೂವರನ್ನೂ ಸ್ಕೀಯಿಂಗ್ ಕಲಿಸುವ ತರಗತಿಗೆ ಸೇರಿಸಿದೆವು. ಭಾವನವರು ಮೊದಲ ದಿನ ಎರಡು ಸಲ ಬಿದ್ದು, ಸ್ಕೀ ಬಿಚ್ಚಿಟ್ಟು, ಕೆಳಗಿನ ಹೋಟೆಲಿನ ಬೆಂಚಿನಲ್ಲಿ ಬಿಸಿ ವೈನ್ ಕುಡಿಯುತ್ತ ಕೂತರು. ಮತ್ತೆ ಮೇಲೆ ಹತ್ತಲೇ ಇಲ್ಲ.

ಎರಡನೆಯ ದಿನ ಮಕ್ಕಳಿಗೆ ಕಲಿಸುವ ಹುಡುಗಿ ಇದ್ದಕ್ಕಿದ್ದಂತೆ ತರಗತಿ ನಿಲ್ಲಿಸಿ ಪ್ರಥಮ ಚಿಕಿತ್ಸೆಯ ಚೀಲ ಹಿಡಿದು ಓಡಿ ಬಂದಳು. ಮಕ್ಕಳ ಬೇಲಿಯ ಪಕ್ಕದಲ್ಲಿ ಹಿಮದ ಮೇಲೆ ಕೆಂಪು ಚೆಲ್ಲಿತ್ತು. ಯಾವ ಮಗುವಿಗೆ ಪೆಟ್ಟಾಗಿದೆ ಎಂದು ಅವಳು ಒಬ್ಬೊಬ್ಬರ ಮುಖ, ಕೈ, ಮೂಗು ನೋಡತೊಡಗಿದಳು. ಬೇಲಿಗೆ ಒರಗಿ ನಿಂತಿದ್ದ ಭಾವನವರು ತಾವೇ ಅಂತ ಬೆರಳು ಮಾಡಿ ತೋರಿಸಿದರು. ಅವಳು ಗಾಬರಿಯಿಂದ ಅವರ ಕಡೆ ಹೋದಳು.

"ಏನೂ ಆಗಿಲ್ಲ ಅಂತ ಹೇಳೋ ಆಕೀಗೆ" ಎಂದರು ಭಾವನವರು ನನ್ನ ಗಂಡನಿಗೆ, ಹಲ್ಲು ಕಿರಿದು.

ನನ್ನ ಗಂಡ ಇಂಗ್ಲಿಷಿನಲ್ಲಿ, ಅದು ಹಲ್ಲಿಗೆ ಹಾಕುವ ಒಂದು ಔಷಧಿ ಎಂದರು. ಹುಡುಗಿ ಸ್ವಲ್ಪ ಹೊತ್ತು ಅವರಿಬ್ಬರ ಬಾಯಿಯನ್ನು ನೋಡಿದಳು. ಆಮೇಲೆ ಒಂದು ಸಲಿಕೆ ತಂದು, ಆ ಕೆಂಪು ಹಿಮವನ್ನೆಲ್ಲ ಕೆರೆದು ಒಂದು ಡಬ್ಬದಲ್ಲಿ ತುಂಬಿ, ದೂರ ಒಯ್ದು ಸುರಿದು ಬಂದಳು. ನನ್ನ ಮಗಳು ತಲೆ ತಗ್ಗಿಸಿ ತನ್ನ ಬೂಟನ್ನು ನೋಡುತ್ತ ನಿಂತಿದ್ದಳು. ನಾನೂ ಹಾಗೇ ನಿಂತಿದ್ದೆ. ಸಲಿಕೆಯನ್ನು ನಾನು ಇಸಿದುಕೊಳ್ಳಬೇಕಿತ್ತು. ಆಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಎಲ್ಲರೂ ಗಾಡಿ ಹತ್ತಿದೆವು. ಭಾವನವರ ಮುಖ ಕೆಂಪಾಗಿತ್ತು. ವೈನಿನ ಎಷ್ಟು ಲೋಟಗಳಾಗಿದ್ದವೋ ಗೊತ್ತಿಲ್ಲ. "ನಾ ಓಡಸ್ತೀನ್ರಿ" ಎಂದೆ. ಅವರು ಕೇಳದವರಂತೆ ಗಾಡಿ ಶುರು ಮಾಡಿ, ಹಿಂದೆ ನೋಡದೆ ರಿವರ್ಸ್ ತೆಗೆದರು. ಧಡ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಹಿಂದೆ ನಿಂತಿದ್ದ ಸಣ್ಣ ಹಸಿರು ಕಾರಿನ ಬಾಗಿಲು ಒಳಗೆ ಹೋಗಿತ್ತು, ಕನ್ನಡಿ ಮುರಿದು ಹಿಮದಲ್ಲಿ ಬಿದ್ದಿತ್ತು. ಸುತ್ತ ಯಾರೂ ಇರಲಿಲ್ಲ. ಭಾವನವರು ಅದನ್ನು ನೋಡಿದರು. ನೋಡಿ, ಗಾಡಿ ಮುಂದಕ್ಕೆ ಓಡಿಸಿದರು.

"ದೊಡ್ಡಪ್ಪಾ, ಆ ಕಾರಿಗೆ ಬಡೀತು" ಎಂದಳು ನನ್ನ ಮಗಳು.

"ಇಲ್ಲವಾ, ಬರ್ಫಿನ ಗುಡ್ಡಿಗೆ ತಾಗಿತು."

"ಇಲ್ಲ, ಕನ್ನಡಿ ಬಿತ್ತು. ನಾ ನೋಡೀನಿ."

"ನೀ ಸುಮ್ನ ಕೂಡು" ಎಂದವರು ಭಾವನವರಲ್ಲ, ನನ್ನ ಗಂಡ.

ನಾವಿದ್ದ ವಸತಿ ಅಲ್ಲಿಂದ ಹತ್ತು ನಿಮಿಷದ ದಾರಿ. ಒಳಗೆ ಬಂದು ಬೂಟು ಬಿಚ್ಚುವ ಮೊದಲೇ ಭಾವನವರು ಹೇಳಿದರು, "ಯಾರಾದ್ರೂ ಕೇಳಿದ್ರ ಈಕಿ ಓಡಸ್ತಿದ್ಲು ಅಂತ ಹೇಳೋಣು. ಕಾಗದದಾಗ ಈಕಿ ಹೆಸರೂ ಅದ. ಮ್ಯಾಲೆ ಈಕಿ ಕುಡದಿಲ್ಲ, ಏನೂ ಆಗೂದಿಲ್ಲ."

ನಾನು ಗಂಡನ ಮುಖ ನೋಡಿದೆ. ಅವರು ಸ್ವಲ್ಪ ಯೋಚಿಸಿದಂತೆ ಮಾಡಿ, "ಹಂಗ ಅಂದ್ರ ಎಲ್ಲಾರಿಗೂ ಚಲೋ" ಎಂದರು. ಅಕ್ಕಾರು ಚಹಾಕ್ಕೆ ನೀರಿಡುತ್ತಿದ್ದರು. ತಿರುಗಲಿಲ್ಲ.

ಬೀಗದಕೈ ಮೇಜಿನ ಮೇಲಿತ್ತು. ಅದನ್ನೆತ್ತಿಕೊಂಡು ಮಗಳ ಕೈ ಹಿಡಿದು ಹೊರಗೆ ಬಂದೆ. ಸ್ಟೇರಿಂಗ್ ಎಡಗಡೆ, ರಸ್ತೆಯ ಮೇಲೆ ಹಿಮ. ಎರಡನೆಯ ಗೇರಿಗಿಂತ ಮೇಲೆ ಹೋಗದೆ ಓಡಿಸಿದೆ. ಪಾರ್ಕಿಂಗಿನಲ್ಲಿ ಒಬ್ಬ ಮುದುಕ ಮುರಿದ ಕನ್ನಡಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ನನಗೆ ಬರುವ ಇಂಗ್ಲಿಷಿನಲ್ಲಿ, ಹೊಡೆದದ್ದು ಈ ಗಾಡಿ, ಓಡಿಸಿದವರು ನನ್ನ ಗಂಡನ ಅಣ್ಣ, ಅವರು ನಿಲ್ಲಿಸಲಿಲ್ಲ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಸಿಟ್ಟಿನಿಂದ ಅವರ ಭಾಷೆಯಲ್ಲಿ ಏನೇನೋ ಅಂದ. ನಮ್ಮ ಗಾಡಿಯ ನಂಬರು ಬರೆದುಕೊಳ್ಳಲು ಮುಂದೆ ಬಾಗಿದವನು ಕಿಟಕಿಯೊಳಗೆ ಇಣುಕಿ ನೋಡಿದ. ಮುಕ್ಕಾಲು ತುಂಬಿದ ಆ ಬಾಟಲಿ ಅಲ್ಲೇ ಇತ್ತು. ಕಾರಿಗೆ ಬಡಿದ ಏಟಿಗೆ ಅದರಿಂದ ತುಳುಕಿದ್ದು ಬೂದು ಬಣ್ಣದ ಕಾರ್ಪೆಟ್ಟಿನ ಮೇಲೆ ಹರಿದಿತ್ತು. ಮುದುಕ ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಆ ಬಾಟಲಿ ನನ್ನದಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಲು ಮತ್ತೂ ನಾಚಿಕೆಯಾಯಿತು.

ಅವನು ಫೋನ್ ಮಾಡಿದ ಮೇಲೆ ಒಬ್ಬ ಪೊಲೀಸ್ ಬಂದ. ವಯಸ್ಸಾದ, ನಿಧಾನದ ಮನುಷ್ಯ. ಕಾಗದಗಳನ್ನು ನೋಡಿ, ಓಡಿಸಿದವರನ್ನು ನೋಡಬೇಕು ಎಂದ. ನಮ್ಮ ಹಿಂದೆಯೇ ತನ್ನ ಗಾಡಿಯಲ್ಲಿ ವಸತಿಗೆ ಬಂದ.

ಬಾಗಿಲು ತೆಗೆದದ್ದು ನನ್ನ ಗಂಡ. ಪೊಲೀಸ್ ಇನ್ನೂ ಪ್ರಶ್ನೆ ಕೇಳಿರಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಒಳ್ಳೆಯ ಇಂಗ್ಲಿಷಿನಲ್ಲಿ, ಗಾಡಿ ಓಡಿಸುತ್ತಿದ್ದದ್ದು ನನ್ನ ಹೆಂಡತಿ, ಅವಳಿಗೆ ಹಿಮದ ಅಭ್ಯಾಸವಿಲ್ಲ, ಗಾಬರಿಯಾಗಿ ಬಂದುಬಿಟ್ಟಳು, ಕ್ಷಮಿಸಿ ಎಂದರು. ಒಂದೇ ಉಸಿರಿನಲ್ಲಿ, ಬಾಯಿಪಾಠ ಒಪ್ಪಿಸುವವರ ಹಾಗೆ. ನನ್ನ ಮಗಳ ಕೈ ನನ್ನ ಕೈಯಲ್ಲಿತ್ತು. ಅದು ಬಿಗಿಯಾದದ್ದು ಗೊತ್ತಾಯಿತು.

ಪೊಲೀಸ್ ನನ್ನ ಕಡೆ ತಿರುಗಿ, ಹೌದೇ ಎಂದು ಕೇಳಿದ.

"ಅಲ್ಲ" ಎಂದೆ. ಭಾವನವರನ್ನು ತೋರಿಸಿದೆ. "ಇವರು ಓಡಿಸುತ್ತಿದ್ದರು. ಕುಡಿದಿದ್ದರು."

ಭಾವನವರಿಗೆ ಕುಡಿತ ಪರೀಕ್ಷಿಸುವ ಕೊಳವೆ ಊದಲು ಕೊಟ್ಟರು. ಮೊದಲು ಬಾಯಿ ಮುಕ್ಕಳಿಸಿ ಬನ್ನಿ ಎಂದು ಪೊಲೀಸ್ ಹೇಳಬೇಕಾಯಿತು. ಅಷ್ಟು ಹೊತ್ತಿನಲ್ಲೂ ಅವರ ದವಡೆಯಲ್ಲಿ ಗುಟ್ಕಾ ಇತ್ತು. ದಂಡ ಹಾಕಿದರು, ಆ ದೇಶದಲ್ಲಿ ಇನ್ನು ಗಾಡಿ ಮುಟ್ಟಬಾರದೆಂದು ಬರೆದುಕೊಟ್ಟರು. ಪೊಲೀಸ್ ಹೋದ ಮೇಲೆ ಅಕ್ಕಾರು ನನ್ನ ಹತ್ತಿರ ಬಂದು ಮೆಲ್ಲಗೆ, "ಮನೀ ಗಂಡಸಿನ ಮಾನ ಹೊರಗಿನವ್ರ ಮುಂದ ತಗದಿ" ಎಂದರು. ಅವತ್ತು ನನ್ನ ಗಂಡ ನನ್ನನ್ನು ಬೈದಿದ್ದರೂ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ಅವರು ತಟ್ಟೆ ಹಾಕಿಕೊಂಡು ಅಕ್ಕಾರು ಮಾಡಿದ ಉಪ್ಪಿಟ್ಟು ತಿಂದರು, ಇನ್ನೊಂದು ಸಲ ಹಾಕಿಸಿಕೊಂಡರು.

ಉಳಿದ ಎರಡು ದಿನ ಮತ್ತು ಮ್ಯೂನಿಕ್‌ವರೆಗೆ ನಾನೇ ಓಡಿಸಿದೆ. ಗಾಡಿ ಒಪ್ಪಿಸುವ ಮೊದಲು ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಆ ಬಾಟಲಿಯನ್ನು ಎಸೆದೆ. ಮಂಡಿಯೂರಿ ಕೂತು, ಬಿಸಿನೀರು ಮತ್ತು ಕಾಗದದ ಕರವಸ್ತ್ರಗಳಿಂದ ಕಾರ್ಪೆಟ್ಟಿನ ಕಲೆಯನ್ನು ಉಜ್ಜಿದೆ. ಉಜ್ಜಿದಷ್ಟೂ ಅದು ಅಗಲವಾಯಿತು. ವಾಂತಿಯ ವಾಸನೆ, ಗುಟ್ಕಾದ ವಾಸನೆ ಎರಡೂ ಬಿಸಿನೀರಿಗೆ ಎದ್ದು ಬಂದವು. ಅಣ್ಣತಮ್ಮಂದಿರು ಪಂಪಿನ ಗೋಡೆಯ ಬಳಿ ಜೇಬಿನಲ್ಲಿ ಒಂದು ಕೈ ಇಟ್ಟುಕೊಂಡು ಕಾಫಿ ಕುಡಿಯುತ್ತ ನಿಂತಿದ್ದರು. ಇಷ್ಟು ಮಾತಾಡಿದ ನಾನು ಅದನ್ನೇಕೆ ಉಜ್ಜಿದೆ ಎಂದು ಇವತ್ತಿಗೂ ನನ್ನ ಮೇಲೆ ಹೇಸಿಗೆಯಾಗುತ್ತದೆ. ಆ ಕೌಂಟರಿನ ಹುಡುಗಿ ಅದನ್ನು ನೋಡುತ್ತಾಳೆ ಎಂಬ ನಾಚಿಕೆ, ಅಷ್ಟೇ.

ಪುಣೆಗೆ ಬಂದ ಮೇಲೆ ಮಾತು ಬೇರೆಯಾಯಿತು. ಮುಂದಿನ ಬೇಸಿಗೆಯಲ್ಲಿ ನೆಂಟರ ಮನೆಯ ಸೀಮಂತದ ಊಟಕ್ಕೆ ಕೂತಾಗ, ಬಾಗಲಕೋಟೆಯಿಂದ ಬಂದಿದ್ದ ಗಂಡನ ಸೋದರತ್ತೆ ನನ್ನ ಬೆನ್ನು ಸವರಿ ಕೇಳಿದರು, "ಏನವಾ, ಪರದೇಶದಾಗ ಗಾಡಿ ಹಟ ಮಾಡಿ ತಗೊಂಡು ಯಾರದೋ ಕಾರಿಗೆ ಗುದ್ದಿದಿ ಅಂತಲ್ಲ? ಪಾಪ, ನಿನ್ನ ಭಾವ ದಂಡ ಕಟ್ಟಿದನಂತ."

ಪಂಕ್ತಿಯಲ್ಲಿ ನನ್ನ ಎದುರಿಗೇ ನನ್ನ ಗಂಡ ಕೂತಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ನಾ ಅಲ್ರಿ ಅತ್ತೀ" ಎಂದೆ, ಪಂಕ್ತಿಗೆಲ್ಲ ಕೇಳುವ ಹಾಗೆ. "ಭಾವನವರು ಕುಡದು ಗುದ್ದಿದ್ರು. ನಾ ಓಡಸ್ತಿದ್ದೆ ಅಂತ ಸುಳ್ಳ ಹೇಳಿದವ್ರು ಇವರು."

ಬಡಿಸುವವರು ಒಂದು ಕ್ಷಣ ನಿಂತರು. ಆಮೇಲೆ ಅನ್ನ ಬಂತು. ನಾನು ಎಲೆಯ ಮೇಲೆ ಕೈಯಾಡಿಸಿ ಎದ್ದೆ. ಆ ವರ್ಷವೇ ಭಾವನವರು ನಮ್ಮನ್ನು ಬೇರೆ ಮನೆ ನೋಡಿಕೊಳ್ಳಲು ಹೇಳಿದರು, ನೋಡಿಕೊಂಡೆವು. ನನ್ನ ಗಂಡ ಅಂಗಡಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಹೊಸ ಮನೆಗೆ ಬಂದು ಆರೇಳು ತಿಂಗಳ ನಂತರ ಒಂದು ಭಾನುವಾರ, ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ, ಅವರು ಹಿಂದೆ ಬಂದು ನಿಂತು ಹೇಳಿದರು, "ಅವತ್ತು ನಾ ಹಂಗ ಹೇಳಬಾರದಾಗಿತ್ತು. ಕೂಸು ಅಲ್ಲೇ ನಿಂತಿತ್ತು."

"ಹೌದ್ರಿ, ಹೇಳಬಾರದಾಗಿತ್ತು" ಎಂದೆ.

ಇರಲಿ ಬಿಡ್ರಿ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಅವರು ಬುಟ್ಟಿಯ ಒಂದು ಕಡೆ ಹಿಡಿದುಕೊಂಡರು, ಇಬ್ಬರೂ ಬಟ್ಟೆಗಳನ್ನು ಒಳಗೆ ತಂದು ಮಡಿಸಿದೆವು. ಈಗಲೂ ನಾವು ಒಂದೇ ಮನೆಯಲ್ಲಿದ್ದೇವೆ. ಅವರು ಫೋನಿನಲ್ಲಿ ಯಾರಿಗಾದರೂ ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಕ್ಷಮೆ ಕೇಳುವುದು ಕಿವಿಗೆ ಬಿದ್ದರೆ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.